ನಾನು ದಾಟಿಸದ ಎರಡು ಮಾತು

ಕೋಣೆಯ ಬಾಗಿಲು

ಮಲೇಷ್ಯಾದ ಈಪೋ ಎಂಬ ಊರಿನಲ್ಲಿ, ನನ್ನ ಮಗಳ ಮನೆಯ ಕೆಳ ಅಂತಸ್ತಿನಲ್ಲಿ, ಬಾಣಂತಿ ಕೋಣೆಯ ಬಾಗಿಲಿನ ಹೊರಗೆ ನಾನು ನಿಂತಿದ್ದೆ. ಎಡಗೈ ಬಾಗಿಲ ಚೌಕಟ್ಟಿನ ಮೇಲಿತ್ತು, ಬಲಗೈಯಲ್ಲಿ ಕಾಫಿ ಲೋಟ. ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಗಡಿಯಾರ ನನ್ನ ಎದುರಿನ ಗೋಡೆಯಲ್ಲೇ ಇದ್ದುದರಿಂದ ಹೊತ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ಮಗು ಹುಟ್ಟಿ ಅಂದಿಗೆ ಒಂಬತ್ತನೆಯ ದಿನ.

ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ ನನ್ನ ಮಗಳು ಸುಮ ಏನೋ ಹೇಳಲು ಬಾಯಿ ತೆರೆದಳು. ಮಾತು ಬರಲಿಲ್ಲ. ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು, ದವಡೆ ಕಚ್ಚಿಕೊಂಡಿತು, ಕೈಕಾಲು ಸೆಟೆದವು. ಆಮೇಲೆ ಇಡೀ ಮೈ ಅದುರತೊಡಗಿತು. ಮಂಚದ ಕಾಲು ನೆಲಕ್ಕೆ ಬಡಿಯುವ ಸದ್ದು ಕೇಳಿಸುತ್ತಿತ್ತು. ಸುಮಾರು ಒಂದು ನಿಮಿಷ ಹಾಗೆ ನಡೆಯಿತು. ಆ ಒಂದು ನಿಮಿಷದಲ್ಲಿ ನಾನು ಏನೂ ಮಾಡಲಿಲ್ಲ. ಕಾಫಿ ಲೋಟವನ್ನು ಕೆಳಗೆ ಇಡಲೂ ಇಲ್ಲ.

ಅವಳು ಉಳಿಯುತ್ತಾಳೋ ಇಲ್ಲವೋ ಎಂಬುದು ನಮಗೆ ಎರಡು ದಿನ ಗೊತ್ತಿರಲಿಲ್ಲ. ಆದರೆ ಅದು ಬರುತ್ತಿದೆ ಎನ್ನುವುದಕ್ಕೆ ಗುರುತುಗಳು ಮೂರು ದಿನ ಮೊದಲೇ ಕಾಣಿಸಿದ್ದವು. ಎಲ್ಲ ಗುರುತುಗಳೂ ಗೊತ್ತಿದ್ದ ಒಬ್ಬನೇ ಮನುಷ್ಯ ಆ ಮನೆಯಲ್ಲಿದ್ದ. ಅದು ನಾನು. ಪ್ರವಾಸ ಹೋಗಿ ಬಂದವರು ಊರಿನವರಿಗೆ ಏನಾದರೂ ಹೇಳಬೇಕು. ನನಗೆ ಹೇಳಬೇಕಾಗಿರುವುದು ಇದು.

ಕೌಲಾಲಂಪುರ, ವಿಮಾನ ನಿಲ್ದಾಣ

ನಮ್ಮ ಕಡೆ ಮೊದಲ ಬಾಣಂತನ ತವರಿನದು. ಸುಮ ಕಾಫಿಯ ರುಚಿ ನೋಡಿ ದರ್ಜೆ ಹೇಳುವ ಕೆಲಸ ಕಲಿತವಳು. ಆ ಕೆಲಸದ ಮೇಲೆಯೇ ಮಲೇಷ್ಯಾಕ್ಕೆ ಹೋದಳು, ಅಲ್ಲಿ ಕಾಫಿ ಹುರಿಯುವ ಕಿಟ್ಟ್ ಎಂಬ ಚೀನೀ ಹುಡುಗನನ್ನು ಮದುವೆಯಾದಳು. ಗರ್ಭಿಣಿಯಾದಾಗ ಅವಳನ್ನು ಸಕಲೇಶಪುರದ ಕಡೆಯ ನಮ್ಮೂರು ವನಗೂರಿಗೆ ಕರೆಸಿಕೊಳ್ಳಬೇಕು ಎಂದುಕೊಂಡೆವು. ವಿಮಾನ ಹತ್ತುವುದು ಬೇಡ ಎಂದು ಅಲ್ಲಿನ ಡಾಕ್ಟರು ಹೇಳಿದರು. ನನ್ನ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ನಾನು ಕೈಚೆಲ್ಲಿ ಕೂತಿದ್ದಾಗ ನನ್ನ ಅಕ್ಕ ದೇವೀರಮ್ಮ ಹೇಳಿದಳು:

"ಅಮ್ಮ ಇಲ್ದ ಹುಡ್ಗಿ ಅಂತ ಯಾರೂ ಅನ್ಬಾರ್ದು ಕಣೋ ಚಂದ್ರ. ಅವ್ಳು ತವರಿಗೆ ಬರಾಕಾಗ್ದಿದ್ರೆ ತವರೇ ಅಲ್ಲಿಗೆ ಹೋಗ್ತೈತೆ. ಟಿಕೇಟು ಮಾಡ್ಸು."

ಅಕ್ಕನಿಗೆ ಎಪ್ಪತ್ತು. ವನಗೂರು ಸುತ್ತಿನ ಮನೆಗಳಲ್ಲಿ ಎಷ್ಟು ಬಾಣಂತನ ಮಾಡಿದ್ದಾಳೋ ಅವಳಿಗೇ ನೆನಪಿಲ್ಲ. ಎಸ್ಟೇಟಿನ ಕೂಲಿಯವರು ಇರುವ ಲೈನುಮನೆಗಳಿಗೂ ಹೋಗುತ್ತಿದ್ದಳು. ಆದರೆ ಪಕ್ಕದ ಹೆತ್ತೂರು ದಾಟಿ ಬಾಣಂತನಕ್ಕೆ ಹೋದವಳಲ್ಲ. ಅವಳ ಚೀಲದಲ್ಲಿ ಒಣಶುಂಠಿ, ಮೆಣಸು, ಬಾಣಂತಿ ಖಾರದ ಪುಡಿ, ಹರಳೆಣ್ಣೆ, ಸಾಂಬ್ರಾಣಿ, ಹೊಟ್ಟೆಗೆ ಕಟ್ಟಲು ಹಳೆ ಸೀರೆ ಹರಿದು ಮಾಡಿದ ಪಟ್ಟಿಗಳು ಇದ್ದವು. ಮಣ್ಣು ಸಮೇತ ಕಿತ್ತ ನಾಲ್ಕು ಅರಿಶಿನದ ಗಡ್ಡೆಯನ್ನೂ ಹಾಕಿಕೊಂಡಿದ್ದಳು. ಅದನ್ನು ನನಗೆ ಹೇಳಿರಲಿಲ್ಲ.

ಕೌಲಾಲಂಪುರದಲ್ಲಿ ಚೀಲವನ್ನು ಬಿಚ್ಚಿಸಿದರು. ನಾನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ತಡವರಿಸಿದೆ. ತಪಾಸಣೆಗೆ ನಿಂತಿದ್ದ ಹೆಂಗಸು ಪಕ್ಕದವಳ ಜೊತೆ ತಮಿಳಿನಲ್ಲಿ ಮಾತಾಡಿದ್ದು ಕೇಳಿ, ಅಕ್ಕ ನನ್ನನ್ನು ಪಕ್ಕಕ್ಕೆ ತಳ್ಳಿ ಲೈನಿನ ತಮಿಳಿನಲ್ಲಿ ಶುರುಮಾಡಿದಳು. ನಮ್ಮ ಎಸ್ಟೇಟುಗಳ ಲೈನಿನಲ್ಲಿ ತಮಿಳಿನವರ ಜೊತೆ ಬೆಳೆದವರಿಗೆಲ್ಲ ಆ ತಮಿಳು ಬರುತ್ತದೆ. ಆ ಹೆಂಗಸು ನಕ್ಕಳು. ಅರಿಶಿನದ ಗಡ್ಡೆ ಮಾತ್ರ ತೆಗೆದಿಟ್ಟುಕೊಂಡು, "ಬಾಣಂತಿ ಚೆನ್ನಾಗಿರಲಿ" ಎಂದು ಕಳಿಸಿದಳು.

"ನೋಡ್ದಾ, ನಿನ್ನ ಇಂಗ್ಲಿಷ್ಗಿಂತ ನನ್ನ ತಮಿಳೇ ವಾಸಿ" ಎಂದಳು ಅಕ್ಕ. "ಅರಿಶಿನ ಹೋಯ್ತು. ಹೋಗ್ಲಿ, ಅವ್ಳ ಮನೇಲೂ ಯಾರಾದ್ರೂ ಹೆರ್ತಾರೆ."

ಈಪೋ, ಮೂರನೆಯ ದಿನ

ಹೆರಿಗೆ ಡಾಕ್ಟರು ಹೇಳಿದ್ದ ದಿನಕ್ಕಿಂತ ಹತ್ತು ದಿನ ಮೊದಲೇ ಆಗಿಹೋಗಿತ್ತು. ನಾವು ಮುಟ್ಟುವಾಗ ಹೆಣ್ಣುಮಗುವಿಗೆ ಮೂರು ದಿನ. ಈಪೋ ಬಿಳಿ ಸುಣ್ಣಕಲ್ಲಿನ ಗುಡ್ಡಗಳ ನಡುವೆ ಇರುವ ಊರು. ನಮ್ಮ ಗುಡ್ಡಗಳು ಮಲಗಿದ ಹಾಗಿರುತ್ತವೆ. ಅಲ್ಲಿನವು ನೆಟ್ಟಗೆ ಎದ್ದು ನಿಂತಿರುತ್ತವೆ. ಮನೆ ಸಾಲುಮನೆಗಳಲ್ಲೊಂದು. ಬಾಗಿಲು ತೆರೆದವಳು ಸುಮಳೂ ಅಲ್ಲ, ಕಿಟ್ಟೂ ಅಲ್ಲ. ಅರವತ್ತರ ಆಸುಪಾಸಿನ, ಗಿಡ್ಡನೆಯ, ಬಲವಾದ ತೋಳಿನ ಒಬ್ಬ ಚೀನೀ ಹೆಂಗಸು. ಅವಳು ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನು ಸುಮ್ಮನಿರಿಸಿ, ಕಾಲಿಗೆ ಬೇರೆ ಚಪ್ಪಲಿ ಕೊಟ್ಟು, ನಮ್ಮ ಹಿಂದೆ ಗಾಳಿ ಒಳಗೆ ಬರದ ಹಾಗೆ ಬಾಗಿಲು ಹಾಕಿಕೊಂಡಳು.

ಅವಳ ಹೆಸರು ಲಾನ್. ಅಲ್ಲಿನ ಚೀನೀಯರಲ್ಲಿ ಹೆರಿಗೆಯಾದವಳು ಒಂದು ತಿಂಗಳು ಕೋಣೆ ಬಿಟ್ಟು ಬರುವುದಿಲ್ಲ. ಅದಕ್ಕೆ 'ತಿಂಗಳು ಕೂರುವುದು' ಎನ್ನುತ್ತಾರೆ. ಆ ತಿಂಗಳು ತಾಯಿಯನ್ನೂ ಮಗುವನ್ನೂ ನೋಡಿಕೊಳ್ಳುವುದೇ ಕೆಲಸವಾಗಿರುವ ಹೆಂಗಸರಿದ್ದಾರೆ. ಗರ್ಭ ನಿಂತ ಸುದ್ದಿ ಗೊತ್ತಾಗುತ್ತಲೇ ಅವರನ್ನು ಗೊತ್ತುಮಾಡಿಕೊಳ್ಳಬೇಕು, ಇಲ್ಲದಿದ್ದರೆ ಸಿಕ್ಕುವುದಿಲ್ಲ. ಕಿಟ್ಟನ ತಾಯಿ ಇಲ್ಲ. ಹಾಗಾಗಿ ಅವನು ಆರು ತಿಂಗಳು ಮೊದಲೇ ಲಾನಳಿಗೆ ಹೇಳಿಟ್ಟಿದ್ದ. ಅಕ್ಕನೂ ಬರುತ್ತಾಳೆ ಎಂದು ಲಾನಳಿಗೆ ಯಾರೂ ಹೇಳಿರಲಿಲ್ಲ. ಲಾನ್ ಇದ್ದಾಳೆ ಎಂದು ನಮಗೂ ಹೇಳಿರಲಿಲ್ಲ. ಒಂದು ಕೋಣೆ, ಒಬ್ಬಳು ಬಾಣಂತಿ, ಇಬ್ಬರು ಯಜಮಾನಿಯರು.

ಮೊದಲ ದಿನ ಇಬ್ಬರೂ ಒಬ್ಬರನ್ನೊಬ್ಬರು ಪರೀಕ್ಷೆ ಮಾಡಿದರು. ಲಾನ್ ಮಣ್ಣಿನ ಮಡಕೆಯ ಮುಚ್ಚಳ ತೆಗೆದು ತೋರಿಸಿದಳು. ಹಂದಿಯ ಕಾಲು, ಮೊಟ್ಟೆ, ಮುಷ್ಟಿ ಗಾತ್ರದ ಬಲಿತ ಶುಂಠಿ, ಎಲ್ಲವೂ ಕಪ್ಪು ಹುಳಿಯಲ್ಲಿ ಕುದಿಯುತ್ತಿದ್ದವು. ಹಿಂದೂಗಳು ಹಂದಿ ಕಂಡರೆ ಓಡಿಹೋಗುತ್ತಾರೆ ಎಂದುಕೊಂಡಿದ್ದಳೋ ಏನೋ, ಅಕ್ಕನ ಮುಖವನ್ನೇ ನೋಡುತ್ತಿದ್ದಳು. ನಮ್ಮದು ಹಬ್ಬಕ್ಕೆ ಹಂದಿ ಬೇಯಿಸುವ ಮನೆ. ಅಕ್ಕ ಒಂದು ಚಮಚ ಬಾಯಿಗೆ ಬಿಟ್ಟುಕೊಂಡು ಕಣ್ಣು ಮುಚ್ಚಿದಳು.

"ನಾವು ಹಂದಿ ಸಾರಿಗೆ ಹಾಕೋ ಕಾಚಂಪುಳಿ ತರಾನೆ ಐತಲ್ಲೋ! ಮೆಣಸು ಸಾಲ್ದು ಅಂತ ಹೇಳು."

ಹೇಳಿದೆ. ಲಾನ್ ಅಕ್ಕನ ಚೀಲದ ಮೆಣಸನ್ನು ಮೂಸಿ ನೋಡಿ, ಒಂದು ಚಿಟಿಕೆ ಹಾಕಿದಳು.

ಗಾಳಿ ತಾಗಬಾರದು, ತಣ್ಣೀರು ಮುಟ್ಟಬಾರದು, ಕಾಲಿಗೆ ಕಾಲುಚೀಲ ಬೇಕು, ಹೊಟ್ಟೆ ಕಟ್ಟಬೇಕು. ಇವುಗಳಲ್ಲಿ ಇಬ್ಬರದೂ ಒಂದೇ ಮಾತು. ಸಂಜೆ ಅಕ್ಕ ಕಬ್ಬಿಣದ ಬಾಣಲೆಯಲ್ಲಿ ಇದ್ದಿಲು ಹೊತ್ತಿಸಿ ಸಾಂಬ್ರಾಣಿ ಹೊಗೆ ಹಾಕಿದಾಗ, ಪಕ್ಕದ ಮನೆಯ ಮುದುಕರು ಒಂದು ಬಕೆಟ್ ನೀರು ಹಿಡಿದು ಓಡಿಬಂದರು. ಲಾನ್ ಅವರನ್ನು ಬಾಗಿಲಲ್ಲೇ ತಡೆದು ನಗುತ್ತಾ ಕಳಿಸಿದಳು. ಆ ದಿನ ನನಗೆ ನೆಮ್ಮದಿಯಾಗಿತ್ತು.

ಐದನೆಯ ದಿನ

ಜಗಳ ಬಂದದ್ದು ತಲೆಗೂದಲಿನಿಂದ. ನಮ್ಮಲ್ಲಿ ಬಾಣಂತಿಗೆ ಎಣ್ಣೆ ಹಚ್ಚಿ, ತಡೆಯಲಾರದಷ್ಟು ಬಿಸಿ ನೀರನ್ನು ತಲೆಯ ಮೇಲಿಂದ ಹುಯ್ಯಬೇಕು. ಅವರಲ್ಲಿ ಒಂದು ತಿಂಗಳು ತಲೆಗೆ ನೀರು ತಾಗಿಸುವಂತೆಯೇ ಇಲ್ಲ. ಲಾನ್ ತರಕಾರಿ ತರಲು ಹೋಗಿದ್ದ ಹೊತ್ತು ನೋಡಿ ಅಕ್ಕ ಸುಮಳಿಗೆ ತಲೆಸ್ನಾನ ಮಾಡಿಸಿಬಿಟ್ಟಳು. ಲಾನ್ ಬಂದು ಒದ್ದೆ ಕೂದಲು ಕಂಡು ಚೀಲ ಕೆಳಗೆ ಹಾಕಿದಳು. ಎಲೆಕೋಸು ಉರುಳಿ ನನ್ನ ಕಾಲಿನ ಹತ್ತಿರ ಬಂತು.

"ವಿಂಡ್! ವಿಂಡ್ ಗೋ ಇನ್ಸೈಡ್!" ಎಂದು ತನ್ನ ತಲೆಯನ್ನೇ ಬಡಿದು ತೋರಿಸಿದಳು. ಅವಳ ಇಂಗ್ಲಿಷು ಸಂತೆಯಲ್ಲಿ ಕಲಿತದ್ದು. ಇನ್ನು ಮುಂದೆ ಅವಳ ಮಾತನ್ನು ಕನ್ನಡದಲ್ಲೇ ಬರೆಯುತ್ತೇನೆ. "ಅಂಕಲ್, ನಿನ್ನ ಅಕ್ಕನಿಗೆ ಹೇಳು. ಇವಳಿಗೆ ನಲವತ್ತು ವರ್ಷ ಆದಾಗ ತಲೆ ಸಿಡಿಯುತ್ತದೆ. ಆಗ ನಿನ್ನ ಅಕ್ಕ ಬಂದು ಒತ್ತುತ್ತಾಳಾ?"

"ಏನಂತೆ?" ಎಂದಳು ಅಕ್ಕ.

ಇಲ್ಲಿ ನನ್ನ ಕಸುಬಿನ ಬಗ್ಗೆ ಹೇಳಬೇಕು. ನಾನು ಮೂವತ್ತೊಂದು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಹಾಜರಿ ಬರೆಯುವುದು ರೈಟರನ ಅರ್ಧ ಕೆಲಸ. ಇನ್ನರ್ಧ, ಮ್ಯಾನೇಜರಿಗೂ ಲೈನಿಗೂ ನಡುವೆ ನಿಲ್ಲುವುದು. ಮ್ಯಾನೇಜರು ಇಂಗ್ಲಿಷಿನಲ್ಲಿ ಬೈದದ್ದನ್ನು ಕಾಲು ಭಾಗ ಮಾಡಿ ಲೈನಿಗೆ ಹೇಳುತ್ತಿದ್ದೆ. ಲೈನಿನವರು ಬೈದದ್ದನ್ನು ಪೂರ್ತಿ ನುಂಗಿ, "ಆಗಲಿ ಅಂತಾರೆ ಸರ್" ಎನ್ನುತ್ತಿದ್ದೆ. ಮೂವತ್ತೊಂದು ವರ್ಷದಲ್ಲಿ ನಮ್ಮ ಎಸ್ಟೇಟಿನಲ್ಲಿ ಒಂದು ಹೊಡೆದಾಟ ಆಗಲಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು.

"ಕೂದಲು ಬೇಗ ಒಣಗಿಸಿ ಅಂತಾಳೆ ಕಣಕ್ಕ" ಎಂದೆ.

"ಅಷ್ಟು ಹೇಳಾಕೆ ಎಲೆಕೋಸು ಎಸೀಬೇಕಾ?"

ಆಮೇಲೆ ಅಕ್ಕ ನಾಲ್ಕು ಮಾತು ಆಡಿದಳು, ಲಾನ್ ಐದು ಆಡಿದಳು. ನಾನು ಎರಡೂ ಕಡೆ ಒಂದೊಂದು ಮೆತ್ತನೆಯ ಮಾತು ದಾಟಿಸಿದೆ. ಆದರೂ ಅಕ್ಕನಿಗೆ ಮುಖ ನೋಡಿ ತಿಳಿಯಿತು. ಅಡುಗೆಮನೆಯ ಮೂಲೆಯಲ್ಲಿ ಕೂತು, "ನಾಳೆ ಟಿಕೇಟು ಮಾಡ್ಸು, ನನ್ನ ಊರಿಗೆ ಕಳ್ಸಿಬುಡು" ಎಂದು ಅತ್ತಳು. ಕಿಟ್ಟ್ ಸಂಜೆ ಕೆಲಸದಿಂದ ಬಂದು ಇಬ್ಬರಿಗೂ ಕಾಫಿ ಮಾಡಿಕೊಟ್ಟ. ಅಲ್ಲಿನ ಕಾಫಿಗೆ ಗಟ್ಟಿ ಸಿಹಿಹಾಲು ಹಾಕುತ್ತಾರೆ. ಅಕ್ಕ ಕಣ್ಣೊರೆಸಿಕೊಂಡು ಒಂದು ಗುಟುಕು ಕುಡಿದು, "ಕಾಫಿ ಅಲ್ಲ ಮಾರಾಯ, ಪಾಯಸ" ಎಂದಳು. ಜಗಳ ಅಲ್ಲಿಗೆ ನಿಂತಿತು ಎಂದುಕೊಂಡೆ.

ನಿಲ್ಲಲಿಲ್ಲ, ಸುಮಳ ಒಳಗೆ ಸೇರಿಕೊಂಡಿತು. ಅವಳಿಗೆ ತಲೆನೋವು ಶುರುವಾಗಿತ್ತು. ತಲೆನೋವು ಎಂದರೆ ಲಾನ್, "ನೋಡು, ತಲೆಗೆ ನೀರು ಹಾಕಿದ್ದಕ್ಕೆ" ಎನ್ನುತ್ತಿದ್ದಳು. ಅಕ್ಕ, "ಒಂದೇ ದಿನ ಹಾಕಿ ನಿಲ್ಸಿದ್ದಕ್ಕೆ" ಎನ್ನುತ್ತಿದ್ದಳು. ಸುಮ ಹೇಳುವುದನ್ನೇ ಬಿಟ್ಟಳು.

ಆರು ಮತ್ತು ಏಳನೆಯ ದಿನ

ಆರನೆಯ ದಿನ ಬೆಳಗಿನ ತಿಂಡಿಯಾದ ಮೇಲೆ ಲಾನ್ ನನ್ನನ್ನು ಹಿತ್ತಲಿಗೆ ಕರೆದಳು. ಅವಳು ಮಲಗುತ್ತಿದ್ದುದು ಬಾಣಂತಿ ಕೋಣೆಯಲ್ಲೇ. ಅಕ್ಕನೂ ನಾನೂ ಮೇಲಿನ ಕೋಣೆಗಳಲ್ಲಿ. ಲಾನ್ ಹೇಳಿದ್ದು ಇಷ್ಟು: "ಹುಡುಗಿಗೆ ಕಣ್ಣ ಮುಂದೆ ಬೆಳಕು ಮಿಂಚುತ್ತದಂತೆ. ತನ್ನ ಅತ್ತೆಗೆ ಹೇಳಬೇಡ ಅಂದಳು. ಗಾಳಿ ತಲೆಯೊಳಗೆ ಇಳಿದಿದೆ. ನಿನ್ನ ಅಕ್ಕನಿಗೆ ಹೇಳು, ಇನ್ನು ನೀರು ಹಾಕಬಾರದು. ನಿಮ್ಮ ಕಡೆ ಇದಕ್ಕೆ ಏನು ಮಾಡುತ್ತಾರೆ, ಅದನ್ನೂ ಕೇಳು."

ಇಂಥದ್ದು ಅಕ್ಕನಿಗೆ ಹೇಳಿದರೆ ಮತ್ತೆ ಎಲೆಕೋಸು ಹಾರುತ್ತದೆ ಎಂದು ನನಗೆ ಅನ್ನಿಸಿತು. ಒಳಗೆ ಹೋಗಿ, "ತಲೆಗೆ ನೀರು ಇನ್ನು ಸ್ವಲ್ಪ ದಿನ ಬೇಡ ಅಂತಾಳೆ ಕಣಕ್ಕ, ಹೋಗ್ಲಿ ಬುಡು" ಎಂದೆ. ಬೆಳಕಿನ ಮಾತು ಹೇಳಲಿಲ್ಲ. ಲಾನ್ ಕೇಳಿದ ಪ್ರಶ್ನೆಯನ್ನೂ ಕೇಳಲಿಲ್ಲ. ಸಂಜೆ ಅವಳು ಉತ್ತರಕ್ಕಾಗಿ ನನ್ನ ಮುಖ ನೋಡಿದಾಗ, "ನಮ್ಮ ಕಡೆ ಏನೂ ಮಾಡುವುದಿಲ್ಲ" ಎಂದೆ. ಇದು ಸುಳ್ಳು. ನನಗೆ ಗೊತ್ತಿರಲಿಲ್ಲ, ಅಷ್ಟೇ.

ಏಳನೆಯ ದಿನ, ಹನ್ನೊಂದರ ಹೊತ್ತಿಗೆ, ಅಕ್ಕ ಸುಮಳ ಕಾಲಿಗೆ ಎಣ್ಣೆ ತಿಕ್ಕಿ, ಕಾಲುಚೀಲ ಹಾಕಿ ಹೊರಗೆ ಬಂದಳು. ಕೈ ಒರೆಸಿಕೊಳ್ಳುತ್ತಾ ಹೇಳಿದಳು:

"ಕಾಲು ಊದ್ಕಂಡು ಕಂಬ ಆಗೈತೆ ಕಣೋ. ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳ್ತೈತೆ. ಕೈ ಉಂಗುರಾನೂ ಬರಾಕಿಲ್ಲ. ಆ ಲಾನಮ್ಮ ಹೊತ್ತೊತ್ತಿಗೂ ಅಕ್ಕಿ ಹೆಂಡದ ಸಾರು ಕುಡ್ಸಿ ಮೈಯೆಲ್ಲ ನೀರು ತುಂಬ್ಸವ್ಳೆ. ಕಾಲು ತೋರ್ಸಿ ಹೇಳು ಅವ್ಳಿಗೆ."

ನಾನು ಲಾನಳ ಹತ್ತಿರ ಹೋಗಿ ಹೇಳಿದ್ದು: "ಅಕ್ಕನಿಗೆ ನಿಮ್ಮ ಸಾರು ತುಂಬಾ ಇಷ್ಟ. ಸ್ವಲ್ಪ ಕಡಿಮೆ ಕೊಟ್ಟರೂ ಸಾಕು ಅಂತಾಳೆ."

ಲಾನ್ ಹಿಗ್ಗಿದಳು. ಅಂದು ಮಧ್ಯಾಹ್ನ ಅಕ್ಕನಿಗೂ ಒಂದು ಬಟ್ಟಲು ಸಾರು ಕೊಟ್ಟಳು. ಅಕ್ಕ ನನ್ನತ್ತ ತಿರುಗಿ, "ಹೇಳ್ದಾ?" ಎಂದಳು. "ಹೇಳ್ದೆ" ಎಂದೆ.

ಆ ದಿನ ಊಟದ ನಂತರ ಲಾನ್ ತನ್ನ ತಾಯಿಯ ಕಥೆ ಹೇಳಿದಳು. ಈಪೋ ಸುತ್ತ ತವರದ ಗಣಿಗಳಿದ್ದ ಕಾಲ. ಹೆಂಗಸರು ಹೊಳೆಯಲ್ಲಿ ಸೊಂಟದವರೆಗೆ ನಿಂತು, ಮರದ ತಟ್ಟೆಯಲ್ಲಿ ಮರಳು ತೊಳೆದು ತವರ ಆರಿಸುತ್ತಿದ್ದರಂತೆ. ಲಾನ್ ಹುಟ್ಟಿದ ಹನ್ನೆರಡನೆಯ ದಿನಕ್ಕೆ ಅವಳ ತಾಯಿ ನೀರಿಗೆ ಇಳಿದಳು. ಮುಪ್ಪಿನಲ್ಲಿ ಬೆರಳು ಮಡಚಲಾಗದೆ, ಬಟ್ಟಲು ಹಿಡಿಯಲಾಗದೆ ಸತ್ತಳು. "ಅದಕ್ಕೇ ನನ್ನ ಕೈಯಲ್ಲಿ ಇರುವ ಯಾರನ್ನೂ ನಾನು ನೀರು ಮುಟ್ಟಲು ಬಿಡುವುದಿಲ್ಲ" ಎಂದಳು.

ಇದನ್ನು ಪೂರ್ತಿಯಾಗಿ ಅಕ್ಕನಿಗೆ ಹೇಳಿದೆ. ಇದರಲ್ಲಿ ಯಾರಿಗೂ ಬೈಗುಳ ಇರಲಿಲ್ಲವಲ್ಲ. ಅಕ್ಕ ತನ್ನ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡಳು. ನಮ್ಮ ಲೈನಿನ ಹೆಂಗಸರು ಹೆತ್ತ ಎಷ್ಟನೆಯ ದಿನಕ್ಕೆ ಕಾಫಿ ಕುಯ್ಯಲು ಬರುತ್ತಿದ್ದರು ಎಂಬುದು ನನಗೆ ನೆನಪಾಯಿತು. ಅವರ ಹೆಸರ ಮುಂದೆ ಹಾಜರಿ ಹಾಕಿದವನು ನಾನೇ. ತಿಂಗಳು ಕೂರುವುದು ಎಲ್ಲರಿಗೂ ಸಿಕ್ಕುವುದಲ್ಲ, ಅಲ್ಲಿಯೂ, ಇಲ್ಲಿಯೂ.

ಒಂಬತ್ತನೆಯ ದಿನ, ಆಸ್ಪತ್ರೆ

ಸುಮ ಅದುರತೊಡಗಿದಾಗ ಮಗು ಅಕ್ಕನ ಮಡಿಲಲ್ಲಿತ್ತು. ಲಾನ್ ಮಂಚಕ್ಕೆ ಹಾರಿ ಸುಮಳನ್ನು ಎಡಮಗ್ಗುಲಿಗೆ ತಿರುಗಿಸಿ, ಬೀಳದ ಹಾಗೆ ತನ್ನ ಮೈಯನ್ನು ಅಡ್ಡ ಇಟ್ಟಳು. ಅಕ್ಕ ಒಂದೇ ಮಾತು ಹೇಳಿದಳು: "ಸನ್ನಿ." ನಮ್ಮ ಕಡೆ ಬಾಣಂತಿ ಸನ್ನಿ ಎಂದರೆ ಬದುಕುವುದು ಕಷ್ಟ ಎಂದೇ ಅರ್ಥ. ಲಾನ್ ಅಲ್ಲಿಂದಲೇ ಫೋನಿಗೆ ಕೂಗಿ ಮಾತಾಡಿದಳು. ಆಂಬುಲೆನ್ಸ್ ಬಂದಾಗ ಗಡಿಯಾರದಲ್ಲಿ ಹತ್ತು ಇಪ್ಪತ್ತೆಂಟು. ದಾರಿಯಲ್ಲಿ ಇನ್ನೊಮ್ಮೆ ಬಂತಂತೆ. ಅದನ್ನು ನಾನು ನೋಡಲಿಲ್ಲ.

ರಕ್ತದೊತ್ತಡ ಮೇಲಿನದು ನೂರ ಎಂಬತ್ತು ದಾಟಿತ್ತು. ಸುಮಳನ್ನು ಒಳಗೆ ಕರೆದುಕೊಂಡು ಹೋದ ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ನಲವತ್ತರೊಳಗಿನ ಹೆಂಗಸು, ಅಲ್ಲಿಯೇ ಹುಟ್ಟಿದ ತಮಿಳಿನವರು. ಹಿಂದಿನ ದಿನಗಳಲ್ಲಿ ಏನಾದರೂ ಗುರುತು ಕಂಡಿತ್ತೇ ಎಂದು ಕೇಳಬೇಕಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು ಲಾನಳತ್ತ ತಿರುಗಿ ಮಲಯ ಭಾಷೆಯಲ್ಲಿ ಕೇಳಿದರು. ಲಾನ್ ಉತ್ತರಿಸುತ್ತಾ ತನ್ನ ಕಣ್ಣ ಮುಂದೆ ಬೆರಳುಗಳನ್ನು ಮಿಣಮಿಣ ಅರಳಿಸಿ ಮುಚ್ಚಿದಳು. ಆಮೇಲೆ ನನ್ನತ್ತ ಕೈ ತೋರಿಸಿದಳು.

ಡಾಕ್ಟರು ಅಕ್ಕನ ಕಡೆ ತಿರುಗಿ ತಮಿಳಿನಲ್ಲಿ ಕೇಳಿದರು: "ಕಣ್ಣಿಗೆ ಬೆಳಕು ಮಿಂಚುತ್ತಿತ್ತಂತೆ. ನಿಮಗೆ ಗೊತ್ತಿತ್ತಾ ಅಮ್ಮ?"

"ಇಲ್ಲ" ಎಂದಳು ಅಕ್ಕ. "ನನಗೆ ಯಾರೂ ಹೇಳಲಿಲ್ಲ."

"ಕಾಲು ಊದಿತ್ತಾ?"

"ಮೂರು ದಿನದಿಂದ. ಈ ಲಾನಮ್ಮನಿಗೆ ಹೇಳಿ ಕಳಿಸಿದ್ದೆನಲ್ಲ."

ಡಾಕ್ಟರು ತಮ್ಮ ಕಾಲನ್ನು ಮುಟ್ಟಿ ತೋರಿಸಿ ಲಾನಳನ್ನು ಕೇಳಿದರು. ಲಾನ್ ಇಲ್ಲ ಎಂದು ತಲೆಯಾಡಿಸಿದಳು. ಆಗ ಮೂವರೂ ನನ್ನನ್ನು ನೋಡಿದರು.

"ನಿಮಗೆ ಯಾವಾಗ ಗೊತ್ತಾಯಿತು?" ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು.

"ಬೆಳಕು, ಆರನೆಯ ದಿನ ತಿಂಡಿ ಆದ ಮೇಲೆ. ಊತ, ಏಳನೆಯ ದಿನ ಹನ್ನೊಂದರ ಹೊತ್ತಿಗೆ. ತಲೆನೋವು ಅದಕ್ಕೂ ಮೊದಲೇ" ಎಂದೆ.

ಅವರು ಬರೆದುಕೊಂಡರು. ಬೈಯಲಿಲ್ಲ. ಹೆರಿಗೆಯಾಗಿ ಮನೆಗೆ ಕಳಿಸುವಾಗ ಕೊಟ್ಟ ಕಾಗದದಲ್ಲಿ ರಕ್ತದೊತ್ತಡ ಏರುತ್ತಿರುವುದರ ಈ ಮೂರು ಗುರುತೂ ಬರೆದಿರುತ್ತದೆ, ಯಾವುದಾದರೂ ಒಂದು ಕಂಡರೂ ಬರಬೇಕು ಎಂದರು. ಆ ಕಾಗದ ಮಗುವಿನ ಕಡತದಲ್ಲಿತ್ತು. ನಾನು ಅದನ್ನು ತೆರೆದು ಲಸಿಕೆಯ ದಿನ ಮಾತ್ರ ನೋಡಿ ಮಡಚಿಟ್ಟಿದ್ದೆ.

ಓಣಿಯಂಥ ಉದ್ದನೆಯ ಜಾಗದಲ್ಲಿ ಒಂದು ಬೆಂಚಿತ್ತು. ಮಗುವನ್ನು ಎತ್ತಿಕೊಂಡು ಅಕ್ಕ ಒಂದು ತುದಿಯಲ್ಲಿ, ಲಾನ್ ಇನ್ನೊಂದು ತುದಿಯಲ್ಲಿ, ಎಂದಿನ ಹಾಗೆ ನಡುವೆ ನಾನು. ಕಿಟ್ಟ್ ಕೆಲಸದಿಂದ ಓಡಿಬಂದು ಸುಮಳಿದ್ದ ಕೋಣೆಯ ಗಾಜಿನ ಹತ್ತಿರವೇ ನಿಂತಿದ್ದ. ಅಕ್ಕ ಹೇಳಿದಳು:

"ನಮ್ಮ ಎಸ್ಟೇಟಿನ ಲೈನಲ್ಲಿ ಒಬ್ಳು ಸನ್ನಿ ಬಂದು ಸತ್ಲಲ್ಲ, ಚಿನ್ನಮ್ಮ. ನೀನೇ ಬರ್ದಿದ್ದೆ ಪುಸ್ತಕದಲ್ಲಿ. ಅವ್ಳು ಸಾಯಾಕೆ ಮುಂಚೆ ಎರಡು ದಿನ, ಹಗಲೊತ್ನಲ್ಲೇ ಕಣ್ಣಮುಂದೆ ಮಿಂಚುಹುಳ ಹಾರಾಡ್ತವೆ ಅಂತಿದ್ಲು. ನಾನು ನಕ್ಕಿದ್ದೆ. ಜೀಪು ಸಕಲೇಶಪುರ ಮುಟ್ಟಾಕೆ ಮುಂಚೆ ಹೋಗ್ಬುಟ್ಲು. ಅವತ್ತಿಂದ ಯಾವ ಬಾಣಂತಿನಾದ್ರೂ ಸರಿ, ಬೆಳಕು ಗಿಳಕು ಅಂದ್ರೆ ನಾನು ಆಸ್ಪತ್ರೆಗೇ ಹೊರ್ಡ್ಸೋದು."

ಅಕ್ಕ ಮಗುವನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು.

"ಜಗಳ ಆಗ್ಬಾರ್ದು ಅಂತ ತಾನೇ ನೀನು ನುಂಗಿದ್ದು? ನಮ್ಮಿಬ್ರುನ್ನೂ ಜಗಳ ಆಡಾಕೆ ಬುಡಬೇಕಿತ್ತು ಕಣೋ. ಎಲೆಕೋಸಲ್ಲೇ ಹೊಡ್ಕಂತಿದ್ವಿ. ಸುದ್ದಿನಾದ್ರೂ ಮುಟ್ತಿತ್ತು."

ಅಷ್ಟರಲ್ಲಿ ಲಾನ್ ನನ್ನ ಮೊಣಕೈ ಹಿಡಿದು ಹೇಳಿದಳು, ಹಿಂದೆ ಒಂದು ಮನೆಯಲ್ಲಿ ಊತವನ್ನೂ ಬೆಳಕನ್ನೂ ಒಟ್ಟಿಗೆ ಕಂಡಿದ್ದಳಂತೆ, ಆ ಹೆಂಗಸನ್ನು ಅವತ್ತೇ ಆಸ್ಪತ್ರೆಗೆ ಸೇರಿಸಿದ್ದರಂತೆ. "ಕಾಲು ನೋಡಿದ್ದರೆ ನನಗೆ ತಿಳಿಯುತ್ತಿತ್ತು ಅಂಕಲ್. ಕಾಲುಚೀಲದೊಳಗೆ ಇತ್ತು. ನಿನ್ನ ಅಕ್ಕನಿಗೆ ಅದನ್ನು ಹೇಳು."

ಒಂದು ಅಕ್ಷರ ಬಿಡದೆ ಹೇಳಿದೆ. ಅಕ್ಕ ಕೇಳಿಸಿಕೊಂಡು ಎದ್ದು ನಿಂತಳು.

"ಏಳು. ಆ ಕಡೆ ಕೂತ್ಕ."

ನಾನು ತುದಿಗೆ ಸರಿದೆ. ಅಕ್ಕ ಲಾನಳ ಪಕ್ಕದಲ್ಲಿ ಕೂತು, ಮಗುವನ್ನು ಇಬ್ಬರ ತೊಡೆಯ ಮೇಲೂ ಬರುವ ಹಾಗೆ ಮಲಗಿಸಿದಳು.

ಆಸ್ಪತ್ರೆಗೆ ಸೇರಿದ ಮೂರನೆಯ ದಿನ ಸುಮ ಕಣ್ಣು ಬಿಟ್ಟಳು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಅಪ್ಪ, ಅತ್ತೆನೂ ಲಾನ್ ಆಂಟಿನೂ ಇನ್ನೂ ಜಗಳ ಆಡ್ತಾವ್ರಾ?"

"ಇಲ್ಲ ಮಗ. ಹೊರಗೆ ಒಟ್ಟಿಗೆ ಕೂತವ್ರೆ."

"ಹಂಗಾದ್ರೆ ನಂಗೇನೋ ದೊಡ್ಡದೇ ಆಗೈತೆ" ಎಂದಳು.

ಮತ್ತೆ ಈಪೋ ಮನೆ

ಹದಿನಾಲ್ಕನೆಯ ದಿನ ಮನೆಗೆ ಬಂದೆವು. ಡಾಕ್ಟರು ಮಾತ್ರೆ ಕೊಟ್ಟು, ದಿನಕ್ಕೆರಡು ಸಲ ರಕ್ತದೊತ್ತಡ ನೋಡಿ ಎಂದಿದ್ದರು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತುವ ಯಂತ್ರವನ್ನು ಕಿಟ್ಟ್ ತಂದ. ಅಕ್ಕನಿಗೆ ಓದು ಬರುವುದಿಲ್ಲ, ಅಂಕಿ ಬರುತ್ತದೆ. ಲಾನ್ ಗೋಡೆಯ ಕ್ಯಾಲೆಂಡರಿನಲ್ಲಿ ದಪ್ಪ ಅಕ್ಷರದಲ್ಲಿ ಅಂಕಿ ಬರೆಯುವುದು, ಅಕ್ಕ ಅದನ್ನು ಯಂತ್ರದ ಜೊತೆ ತಾಳೆ ನೋಡುವುದು. ಬೆಳಿಗ್ಗೆ ಎದ್ದೊಡನೆ ಇಬ್ಬರ ಕಣ್ಣೆದುರಿಗೂ ಸುಮ ಕಾಲುಚೀಲ ಕಳಚಿ ಕಾಲು ಚಾಚಬೇಕು. ಅಕ್ಕ ಒತ್ತುತ್ತಾಳೆ, ಲಾನ್ ಬಗ್ಗಿ ನೋಡುತ್ತಾಳೆ. ಲಾನ್ ತನ್ನ ಕಣ್ಣ ಮುಂದೆ ಬೆರಳು ಅರಳಿಸಿ ತೋರಿಸುತ್ತಾಳೆ, ಸುಮ ಇಲ್ಲ ಎನ್ನುತ್ತಾಳೆ. ಈ ಕೆಲಸಕ್ಕೆ ನನ್ನನ್ನು ಕರೆಯಲಿಲ್ಲ. ನಾನು ಬಟ್ಟೆ ಒಣಹಾಕುತ್ತಿದ್ದೆ.

ಕೂದಲಿನ ವಿಷಯದಲ್ಲಿ ಒಂದು ರಾಜಿ ಆಯಿತು. ಲಾನ್ ಶುಂಠಿ ಸಿಪ್ಪೆ ಹಾಕಿ ನೀರು ಕುದಿಸುವುದು, ಅಕ್ಕ ಆ ನೀರನ್ನೇ ತಲೆಗೆ ಹಾಕುವುದು, ಹಾಕಿದ ಕೂಡಲೇ ಲಾನ್ ಕೂದಲು ಒಣಗಿಸುವ ಯಂತ್ರ ಹಿಡಿದು ನಿಲ್ಲುವುದು. ರಾಜಿ ಆಗುವ ಮೊದಲು ಇಬ್ಬರೂ ಚೆನ್ನಾಗಿ ಕೂಗಾಡಿದರು, ಒಬ್ಬರು ಕನ್ನಡದಲ್ಲಿ, ಒಬ್ಬರು ಚೀನಿಯಲ್ಲಿ. ಸುಮ ಮಂಚದ ಮೇಲೆ ನಗುತ್ತಿದ್ದಳು. ನಾನು ಹಿತ್ತಲಿನಲ್ಲೇ ನಿಂತೆ.

ಸುಮಳಿಗೆ ಎಲ್ಲವನ್ನೂ ಹೇಳಿದೆ. ಯಾವ ದಿನ ಯಾರು ಏನು ಹೇಳಿದರು, ನಾನು ಏನು ದಾಟಿಸಿದೆ, ಏನು ದಾಟಿಸಲಿಲ್ಲ ಎಂದು. "ನಾನೂ ಅತ್ತೆಗೆ ಹೇಳ್ಲಿಲ್ವಲ್ಲ ಅಪ್ಪ" ಎಂದಳು. ಅದು ಅವಳ ದೊಡ್ಡತನ. ನಾನು ಅದರ ಹಿಂದೆ ಅಡಗಿಕೊಳ್ಳಲಾರೆ. ಅವಳು ನೋವಿನಲ್ಲಿದ್ದಳು. ನನಗೆ ಯಾವ ನೋವೂ ಇರಲಿಲ್ಲ.

ಮೂವತ್ತನೆಯ ದಿನ ಮೊಟ್ಟೆಗಳಿಗೆ ಕೆಂಪು ಬಣ್ಣ ಹಾಕಿ ಅಕ್ಕಪಕ್ಕದ ಮನೆಗಳಿಗೆ ಹಂಚಿದರು. ಬಕೆಟ್ ತಂದಿದ್ದ ಮುದುಕರಿಗೆ ಅಕ್ಕನೇ ಕೊಂಡುಹೋಗಿ ಕೊಟ್ಟಳು. ಮಧ್ಯಾಹ್ನ ಲಾನ್ ತನ್ನ ಬಟ್ಟೆಯ ಚೀಲ, ಮಣ್ಣಿನ ಮಡಕೆ ಕಟ್ಟಿಕೊಂಡಳು. ಅಂದೇ ಸಂಜೆ ಇನ್ನೊಂದು ಮನೆಯಲ್ಲಿ ಇನ್ನೊಬ್ಬ ಬಾಣಂತಿ ಅವಳಿಗಾಗಿ ಕಾಯುತ್ತಿದ್ದಳು.

ವನಗೂರು

ನಾವು ಊರು ಮುಟ್ಟುವಾಗ ಕಾಫಿ ಹೂವಾಗಿತ್ತು. ವಿದೇಶ ಹೇಗಿತ್ತು ಎಂದು ಜನ ಕೇಳುತ್ತಾರೆ. ಬೆಳಗೋಡಿನ ಬಸ್ಸಿನಲ್ಲೂ ಕೇಳಿದರು. ಗುಡ್ಡ, ಕಾಫಿ, ರಸ್ತೆ ಎಂದು ಶುರುಮಾಡಿ, ಕೊನೆಗೆ ಇದನ್ನೇ ಹೇಳುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಅಕ್ಕ ಹೀಗೆ ಕತೆ ಹೇಳುವುದಿಲ್ಲ. ಲೈನಿನಲ್ಲಿ ಯಾರಾದರೂ ಹೆತ್ತರೆ ದಿನಾ ಬೆಳಿಗ್ಗೆ ಹೋಗಿ, ಮೊದಲು ಕಾಲು ಒತ್ತಿ ನೋಡುತ್ತಾಳೆ. ಆಮೇಲೆ ತನ್ನ ಕಣ್ಣ ಮುಂದೆ ಬೆರಳು ಅರಳಿಸಿ, "ಹಿಂಗೇನಾರ ಕಾಣ್ತೈತಾ?" ಎಂದು ಕೇಳುತ್ತಾಳೆ.

ಆ ಮಂಗಳವಾರ ಬೆಳಿಗ್ಗೆ ಆ ಕೋಣೆಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡ ದೊಡ್ಡವರು ಮೂವರು. ಒಬ್ಬ ನಾನು. ಇನ್ನೊಬ್ಬಳು ನನ್ನ ಅಕ್ಕ ದೇವೀರಮ್ಮ, ವನಗೂರಿನಲ್ಲಿದ್ದಾಳೆ, ಕಿವಿ ಸ್ವಲ್ಪ ಮಂದ, ನೆನಪು ಚುರುಕು. ಮತ್ತೊಬ್ಬಳು ಲಾನ್, ಈಪೋದಲ್ಲಿದ್ದಾಳೆ, ಯಾವ ಮನೆಯಲ್ಲಿ ಎನ್ನುವುದು ಯಾರು ಹೆತ್ತಿದ್ದಾರೆ ಎನ್ನುವುದರ ಮೇಲಿದೆ. ಇಬ್ಬರನ್ನೂ ಕೇಳಬಹುದು. ಅವರು ಹೇಳುವುದಕ್ಕೂ ನಾನು ಬರೆದದ್ದಕ್ಕೂ ವ್ಯತ್ಯಾಸ ಕಂಡರೆ ಅವರ ಮಾತನ್ನೇ ನಂಬಿ. ಮಗುವೂ ಅಲ್ಲಿತ್ತು, ಅದಕ್ಕೆ ಆಗ ಒಂಬತ್ತು ದಿನ. ಸುಮಳಿಗೆ ಆ ಹೊತ್ತಿನ ಒಂದೂ ನೆನಪಿಲ್ಲ. ಹಾಗಾಗಿ ಕಂಡವರಲ್ಲಿ ಅವಳ ಹೆಸರು ಬರೆಯಲಾರೆ. ಬದುಕಿರುವವರಲ್ಲಿ ಬರೆಯುತ್ತೇನೆ.